ಬೆಂದ ಎಳೆಯನ್ನು ಮತ್ತೆ ಬೇಯಿಸಬೇಡಿ

ಇನ್‌ಸ್ಟಂಟ್ ನೂಡಲ್ಸ್ ಬಗ್ಗೆ ನಮ್ಮಲ್ಲಿ ಆಡುವ ಮಾತೆಲ್ಲ ‘ಎರಡು ನಿಮಿಷದಲ್ಲಿ ಸಿದ್ಧ’ ಎಂಬುದರ ಸುತ್ತಲೇ ಗಿರಕಿ ಹೊಡೆಯುತ್ತದೆ. ಆದರೆ ಇದರ ಅಡುಗೆ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಮನೆಯಲ್ಲಿ ನಮಗೆ ಉಳಿಯುವುದು ನೆನೆಸುವ ಕೆಲಸ. ಇಷ್ಟನ್ನು ತಿಳಿದು ಒಲೆ ಹಚ್ಚಿದರೆ ಈ ತಿನಿಸಿನ ರುಚಿಯೇ ಬೇರೆ ಎಂಬುದು ನನ್ನ ವಾದ.

1958ರ ಆಗಸ್ಟ್‌ನಲ್ಲಿ ಜಪಾನಿನ ಮೊಮೊಫುಕು ಆಂಡೊ ಚಿಕನ್ ರಾಮೆನ್ ಎಂಬ ಇನ್‌ಸ್ಟಂಟ್ ನೂಡಲ್ಸನ್ನು ಮಾರುಕಟ್ಟೆಗೆ ತಂದರು. ಒಸಾಕಾ ಬಳಿಯ ಇಕೇಡಾದಲ್ಲಿ, ಮನೆಯ ಹಿತ್ತಿಲ ಶೆಡ್ಡಿನಲ್ಲಿ ಕೂತು ಅವರು ತಲೆ ಕೆಡಿಸಿಕೊಂಡದ್ದು ಬೆಂದ ಎಳೆಯನ್ನು ಒಣಗಿಸುವುದು ಹೇಗೆಂದು. ಮೈದಾ ಎಳೆಯನ್ನು ಹಬೆಯಲ್ಲಿ ಬೇಯಿಸಿ ಕಾದ ಎಣ್ಣೆಗೆ ಇಳಿಸಿದರೆ ಒಳಗಿನ ನೀರು ಆವಿಯಾಗಿ ಹೊರನುಗ್ಗುತ್ತದೆ; ನುಗ್ಗಿದ ಕಡೆಯೆಲ್ಲ ಸಣ್ಣ ಸಣ್ಣ ರಂಧ್ರ ಬಿಡುತ್ತದೆ. ಬಿಸಿನೀರು ಮರಳಿ ಒಳಹೋಗುವುದು ಆ ರಂಧ್ರಗಳಲ್ಲೇ. ಪ್ಯಾಕೆಟ್ಟಿನ ಬಿಲ್ಲೆಯನ್ನು ಮುರಿದು ನೋಡಿ: ಎಳೆಗಳು ಅಲೆಯಲೆಯಾಗಿ ಸುರುಳಿಗೊಂಡು ನಡುವೆ ಸಂದು ಬಿಟ್ಟಿರುತ್ತವೆ. ಸಂದಿಲ್ಲದಿದ್ದರೆ ಎಣ್ಣೆಯೂ ನೀರೂ ನಡುವಿನ ಎಳೆ ಮುಟ್ಟುತ್ತಿರಲಿಲ್ಲ. 1971ರಲ್ಲಿ ಅವರೇ ತಂದ ಕಪ್ ನೂಡಲ್ಸ್‌ಗೆ ಬಿಸಿನೀರು ಸುರಿದರೆ ಸಾಕಾಯಿತು. ನೆನೆಸಿ, ಹುರಿದು, ಕುಟ್ಟಿದ ಅವಲಕ್ಕಿಯನ್ನು ನಾವು ಯಾರೂ ಅಕ್ಕಿಯಂತೆ ಕುದಿಸುವುದಿಲ್ಲ. ನೂಡಲ್ಸನ್ನು ಮಾತ್ರ ತರಕಾರಿಯ ಜತೆ ಹತ್ತು ನಿಮಿಷ ಕುದಿಸಿ, ಮುದ್ದೆ ಮಾಡಿ, ಅಂಟು ಎಂದು ದೂರುತ್ತೇವೆ.

ಇದನ್ನು ಸೋಮಾರಿಗಳ ಊಟ ಎನ್ನುವವರಿದ್ದಾರೆ. ಜಪಾನಿನಲ್ಲಿ ಹಸಿ ಉಡೊನ್ (ದಪ್ಪ ಗೋಧಿ ನೂಡಲ್ಸ್) ಒಂದು ಪಾಲಿಗೆ 6 ಯೆನ್ ಇದ್ದ ಕಾಲದಲ್ಲಿ ಚಿಕನ್ ರಾಮೆನ್ ಬೆಲೆ 35 ಯೆನ್. ಅಷ್ಟು ಕೊಟ್ಟು ಕೊಂಡವರು ದುಡಿದು ದಣಿದ ಸಂಜೆಗೆ ಒಂದಿಷ್ಟು ಬಿಡುವನ್ನು ಕೊಂಡರು. ಅದನ್ನು ಸೋಮಾರಿತನ ಎನ್ನಲು ನನಗೆ ಮನಸ್ಸಿಲ್ಲ. ಆರೋಗ್ಯದ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಎಣ್ಣೆ ಕರಿಯುವ ವಿಧಾನದ ಜತೆಗೇ ಬರುತ್ತದೆ, ಬಿಡಿಸಲಾಗದು. ಬಿಸಿಗಾಳಿಯಲ್ಲಿ ಒಣಗಿಸಿದ ಬಗೆಯಲ್ಲಿ ಎಣ್ಣೆ ಕಡಿಮೆ, ಆದರೆ ಅದು ನೆನೆಯಲು ಹೆಚ್ಚು ಹೊತ್ತು ಬೇಕು. ಉಪ್ಪಿನ ಮಾತು ಹಾಗಲ್ಲ. ಅದರ ಬಹುಪಾಲು ಇರುವುದು ಮಸಾಲೆ ಪೊಟ್ಟಣದಲ್ಲಿ, ಅಂದರೆ ನಮ್ಮ ಕೈಯಲ್ಲಿ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2015ರ ಜೂನ್‌ನಲ್ಲಿ ಸೀಸದ ಅಂಶ ಹೆಚ್ಚಿದೆಯೆಂಬ ಆರೋಪದಿಂದ ಭಾರತದಲ್ಲಿ ಮ್ಯಾಗಿ ನೂಡಲ್ಸ್ ಮಾರಾಟ ನಿಂತು ನವೆಂಬರಿನಲ್ಲಿ ಮತ್ತೆ ಶುರುವಾಯಿತು. ಆಗ ಸೀಸದ ಪ್ರಶ್ನೆ ಮನೆಮನೆಯ ಮಾತಾಯಿತು. ನಿತ್ಯದ ಉಪ್ಪಿನ ಪ್ರಶ್ನೆಯನ್ನು ಅಷ್ಟು ಗಟ್ಟಿಯಾಗಿ ಯಾರೂ ಎತ್ತಲಿಲ್ಲ.

ಹಾಗಾಗಿ ತರಕಾರಿಯನ್ನು ಬೇರೆಯಾಗಿ ಬೇಯಿಸಿಕೊಳ್ಳಿ. ನೀರು ಮರಳಿದ ಮೇಲೆ ಬಿಲ್ಲೆ ಇಳಿಸಿ, ಎಳೆ ಬಿಡಿಯಾಗುತ್ತಲೇ ಒಲೆ ಆರಿಸಿ ಮುಚ್ಚಳ ಮುಚ್ಚಿ. ಮಸಾಲೆ ಅರ್ಧ ಪೊಟ್ಟಣ ಸಾಕು. ಕೊರತೆ ಅನ್ನಿಸಿದರೆ ನಿಂಬೆರಸ ಹಿಂಡಿ.