ಜರಡಿಯ ಮೇಲೆ ಉಳಿದದ್ದು

ಹೋದ ಬೇಸಿಗೆಯಲ್ಲಿ ಬಂಗಾರಪೇಟೆ ಹತ್ತಿರದ ನಮ್ಮ ಭಾವನ ಟೊಮೆಟೊ ತೋಟಕ್ಕೆ ಬೆಂಗಳೂರಿನ ಹಸಿಕಸದಿಂದ ಮಾಡಿದ ಒಂದು ಟ್ರ್ಯಾಕ್ಟರ್ ಲೋಡು ‘ಸಿಟಿ ಗೊಬ್ಬರ’ ಬಂದಿತ್ತು. ಕಪ್ಪಗಿತ್ತು, ನಾತ ಇರಲಿಲ್ಲ. ಮರಳಿನ ಜರಡಿಗೆ ಸುರಿದು ಆಡಿಸಿದರೆ ಮೇಲೆ ಉಳಿದದ್ದು ಶಾಂಪೂ ಸ್ಯಾಶೆಗಳು, ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆಗಳು, ಬಲ್ಬಿನ ಗಾಜು. ಕೆಳಗೆ ಉದುರಿದ್ದರಲ್ಲೂ ಪ್ಲಾಸ್ಟಿಕ್ ಮಿನುಗುತ್ತಿತ್ತು. ಭಾವ ಮಾತಾಡಲಿಲ್ಲ. ಎಲ್ಲವನ್ನೂ ಬದುವಿನಾಚೆ ಸುರಿಸಿ, ಮಂದೆ ಹಾಕಿಸಲು ಕುರಿಯವರಿಗೆ ಫೋನು ಮಾಡಿದರು.

ಬೆಂಗಳೂರಿನ ಹಸಿಕಸದ ಯೋಜನೆಯನ್ನು ಹೊಗಳುವವರೂ ತೆಗಳುವವರೂ ನೋಡುವುದು ಮನೆಬಾಗಿಲಿನ ಬುಟ್ಟಿಯನ್ನು. ಬುಟ್ಟಿ ಸುಮ್ಮನೆ ಬಂದದ್ದಲ್ಲ, ನಿಜ. 2012ರಲ್ಲಿ ಮಾವಳ್ಳಿಪುರದ ಕಸದ ಗುಡ್ಡೆ ಮುಚ್ಚಿತು, 2014ರ ಕೊನೆಗೆ ಮಂಡೂರಿನದು. ಮೂಲದಲ್ಲೇ ಬೇರ್ಪಡಿಸಿ ಎಂದು ಹೈಕೋರ್ಟು ಹೇಳಿತು. ಎರಡು ಬುಟ್ಟಿ, ಒಂದು ಚೀಲದ ಪಾಠ ಶುರುವಾಯಿತು. ಬಾಲ್ಕನಿಯ ಮಣ್ಣಿನ ಮಡಕೆಗಳ ಕಂಬದಲ್ಲಿ ಸಿಪ್ಪೆ ಕೊಳೆಸಿ ತಮ್ಮದೇ ಕರಿಬೇವಿನ ಕುಂಡಕ್ಕೆ ಹಾಕುವವರ ಗೊಬ್ಬರದ ಬಗ್ಗೆ ನನ್ನದೇನೂ ತಕರಾರಿಲ್ಲ. ಅದರಲ್ಲಿ ಸ್ಯಾಶೆ ಸಿಕ್ಕರೆ ಬೈಸಿಕೊಳ್ಳಬೇಕಾದವರು ಮನೆಯೊಳಗೇ ಇರುತ್ತಾರೆ.

ಟನ್ನುಗಟ್ಟಲೆ ಮಾಡುವ ಗೊಬ್ಬರಕ್ಕೆ ಬೈಯುವವರು ಯಾರು? ಕೇಂದ್ರದ 2016ರ ನೀತಿ ಸಿಟಿ ಗೊಬ್ಬರದ ಮಾರಾಟಕ್ಕೆ ಟನ್ನಿಗೆ 1,500 ರೂಪಾಯಿ ನೆರವು ಕೊಟ್ಟಿತು. ಗುಣಮಟ್ಟದ ನಿಯಮ ಶೇ 90ರಷ್ಟು ಗೊಬ್ಬರ 4 ಮಿಲಿಮೀಟರಿನ ಜರಡಿಯಲ್ಲಿ ಇಳಿಯಬೇಕೆನ್ನುತ್ತದೆ. ಚೂರಾದ ಪ್ಲಾಸ್ಟಿಕ್ಕೂ ಇಳಿಯುತ್ತದಲ್ಲ! ನಗರಕ್ಕೆ ಲೆಕ್ಕ ಎಷ್ಟು ಕಸ ಹೋಯಿತೆಂಬುದು. ಹೊಲಕ್ಕೆ ಏನು ಬಂತೆಂಬ ಲೆಕ್ಕ ರೈತನ ಜರಡಿಯಲ್ಲೇ ಆಗಬೇಕು.

ಇದನ್ನು ಕೋಲಾರ ಚಿನ್ನದ ಗಣಿ ಪ್ರದೇಶದ ಕೋರಮಂಡಲ್‌ನಲ್ಲಿ ಕೂತು ಬರೆಯುವಾಗ ಮಾತು ಸ್ವಲ್ಪ ಕಟುವಾಗುತ್ತದೆ. 2001ರಲ್ಲಿ ಗಣಿ ಮುಚ್ಚಿತು, ಸೈನೈಡ್ ತ್ಯಾಜ್ಯದ ಗುಡ್ಡಗಳು ಉಳಿದವು. ಗಾಳಿ ಎದ್ದರೆ ಕಾರ್ಮಿಕರ ಲೈನ್ ಮನೆಗಳ ತುಂಬ ಅದರದೇ ಬಿಳಿ ಧೂಳು. 2018ರಿಂದ ಕೆ.ಸಿ. ವ್ಯಾಲಿಯಲ್ಲಿ ಶುದ್ಧೀಕರಿಸಿದ ಬೆಂಗಳೂರಿನ ಕೊಳಚೆ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಬತ್ತಿದ ಕೆರೆ ತುಂಬಿದ್ದು ಸುಳ್ಳಲ್ಲ. ಆದರೂ ಎರಡು ಹಂತ ಸಾಲದು, ಮೂರನೇ ಹಂತದ ಶುದ್ಧೀಕರಣ ಬೇಕು ಎಂದು ಇಲ್ಲಿಯ ಜನ ಪಟ್ಟು ಹಿಡಿದರು. ಗೊಬ್ಬರಕ್ಕೂ ಅದೇ ಪಟ್ಟು ಬೇಕು. ಟೊಮೆಟೊ ಇಲ್ಲಿಂದ ಹೋಗುವಾಗ ಮಂಡಿಯಲ್ಲಿ ಒಂದೊಂದು ಕ್ರೇಟನ್ನೂ ನೋಡಿ ಹರಾಜು ಕೂಗುತ್ತಾರೆ. ಅದರ ಸಿಪ್ಪೆ ಗೊಬ್ಬರವಾಗಿ ತಿರುಗಿ ಬರುವಾಗ ಲೋಡಿನ ಲೆಕ್ಕ.

ಬದುವಿನಾಚೆಯ ಆ ಗುಡ್ಡೆಯಲ್ಲಿ ಮಳೆಗೆ ಟೊಮೆಟೊ ಸಸಿಗಳು ಎದ್ದಿವೆ, ದಟ್ಟವಾಗಿ. ಗೊಬ್ಬರಕ್ಕೆ ಸರಿಯಾಗಿ ಕಾವು ಏರಿದ್ದರೆ ಆ ಬೀಜ ಸಾಯಬೇಕಿತ್ತು.