ಕುಂಡದ ಗಿಡವೋ, ತೋಪಿನ ಕೊಂಬೆಯೋ

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ನರ್ಸರಿಗಳಲ್ಲಿ ಅರೌಕೇರಿಯಾ ಗಿಡಗಳು ಮುಂದಿನ ಸಾಲಿಗೆ ಬರುತ್ತವೆ. ಅಂತಸ್ತು ಅಂತಸ್ತಾಗಿ ಚಾಚಿದ ಕೊಂಬೆಗಳು, ನಕ್ಷತ್ರ ಕಟ್ಟಲೆಂದೇ ಬೆಳೆದಂತಿರುವ ಸುಳಿ. ಜನ ಅದನ್ನು ‘ಕ್ರಿಸ್‌ಮಸ್ ಟ್ರೀ’ ಎಂದೇ ಕೇಳಿ ಒಯ್ಯುತ್ತಾರೆ. ಬೇರು ಸಮೇತ ತಂದೆವು, ಮರ ಕಡಿಯಲಿಲ್ಲ ಎಂಬ ನೆಮ್ಮದಿ ಬೇರೆ. ಗಿಡ ಮುಂದಿನ ಡಿಸೆಂಬರ್‌ವರೆಗೂ ಬದುಕಿದರೆ ಮಾತ್ರ ಆ ನೆಮ್ಮದಿಗೆ ಅರ್ಥ. ಜನವರಿ ಕೊನೆಗೆ ಕಂದು ತಿರುಗಿದ ಅರೌಕೇರಿಯಾ ಮಣ್ಣಿನ ಮುದ್ದೆಯೊಂದಿಗೆ ಕಸದ ಗಾಡಿ ಏರುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅಮೆರಿಕ, ಯೂರೋಪುಗಳಲ್ಲಿ ಹಬ್ಬಕ್ಕೆ ಕಡಿಯುವ ಫರ್, ಸ್ಪ್ರೂಸ್ ಬಹುಪಾಲು ಹೊಲದ ಬೆಳೆ. ಏಳೆಂಟು ವರ್ಷ ಬೆಳೆಸಿ ಕಡಿಯುತ್ತಾರೆ, ಮತ್ತೆ ಸಸಿ ನೆಡುತ್ತಾರೆ. ಬ್ರಿಟನ್ನಿನ ಕಾರ್ಬನ್ ಟ್ರಸ್ಟ್ ಲೆಕ್ಕ ಹಾಕಿದ ಪ್ರಕಾರ, 2 ಮೀಟರಿನ ಅಂಥ ಮರವನ್ನು ಹಬ್ಬ ಮುಗಿದ ಮೇಲೆ ಚಕ್ಕೆ ಮಾಡಿ ತೋಟಕ್ಕೆ ಹಾಸಿದರೆ ಇಂಗಾಲದ ಹೊರೆ ಸುಮಾರು 3.5 ಕೆ.ಜಿ. ಕಸದ ಗುಂಡಿಗೆ ಹಾಕಿದರೆ ಗಾಳಿಯಾಡದೆ ಕೊಳೆತು ಮೀಥೇನ್ ಹೊಮ್ಮಿ 16 ಕೆ.ಜಿ. ಅಷ್ಟೇ ಎತ್ತರದ ಪ್ಲಾಸ್ಟಿಕ್ ಮರಕ್ಕೆ 40 ಕೆ.ಜಿ. ಕಡಿದದ್ದಕ್ಕಿಂತ ಕಡಿದ ಮೇಲೆ ಏನು ಮಾಡಿದೆವು ಎಂಬುದೇ ಇಲ್ಲಿ ದೊಡ್ಡದು.

ನಮ್ಮಲ್ಲಿ ಫರ್ ಹೊಲಗಳಿಲ್ಲ, ಸರ್ವೆ ತೋಪುಗಳಿವೆ. ಕಂಬಕ್ಕೂ ಸೌದೆಗೂ ರೈತರು ಬೆಳೆಸಿ ಕೆಲವೇ ವರ್ಷಗಳಲ್ಲಿ ಕಟಾವು ಮಾಡುವ ಮರ ಅದು. ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿಯುವುದರಿಂದ ಬಡ ಮರಳಿನಲ್ಲೂ ಬೆಳೆಯುತ್ತದೆ. ಹಾಗೆ ಬೆಳೆಸಿದ ತೋಪಿನಿಂದ ಒಂದು ಕೊಂಬೆ ತಂದು ಅಲಂಕರಿಸಿದರೆ ನನ್ನ ತಕರಾರಿಲ್ಲ. ಕಡಲತೀರದಲ್ಲಿ ಗಾಳಿ ತಡೆಯಲು ನೆಟ್ಟ ಸಾಲಿಗೆ ಮಾತ್ರ ಕತ್ತಿ ಹಚ್ಚಬಾರದು.

ಅರೌಕೇರಿಯಾದ ಸ್ವಭಾವವೇ ಬೇರೆ. ಉದುರಿದ ಕೆಳಗಿನ ಕೊಂಬೆಯ ಜಾಗದಲ್ಲಿ ಅದು ಮತ್ತೆ ಚಿಗುರುವುದಿಲ್ಲ. ಪಕ್ಕದ ಕೊಂಬೆ ಕತ್ತರಿಸಿ ನೆಟ್ಟರೆ ಬೇರು ಬಿಟ್ಟರೂ ಅಡ್ಡಡ್ಡವಾಗಿಯೇ ಬೆಳೆಯುತ್ತದೆ, ನೆಟ್ಟಗೆ ನಿಲ್ಲುವುದಿಲ್ಲ. ನಮ್ಮ ಮನೆಯ ಗಿಡಕ್ಕೆ ಇದು ಏಳನೆಯ ಕ್ರಿಸ್‌ಮಸ್. ಮೊದಲ ವರ್ಷ ಮೂರು ವಾರ ಹಜಾರದ ಕತ್ತಲ ಮೂಲೆಯಲ್ಲಿಟ್ಟಿದ್ದೆ. ಕೆಳಗಿನ ಒಂದು ಅಂತಸ್ತು ಪೂರ್ತಿ ಒಣಗಿತು. ಕಾಂಡದ ಬುಡದಲ್ಲಿ ಗೇಣುದ್ದದ ಆ ಬೋಳು ಇವತ್ತಿಗೂ ಹಾಗೇ ಇದೆ.

ಹಬ್ಬ ಮುಗಿದ ಮೇಲೆ ನೆಲಕ್ಕೆ ನೆಡುತ್ತೇವೆ ಎನ್ನುವವರು ಮೊದಲು ಲಾಲ್‌ಬಾಗಿಗೆ ಹೋಗಿ ಅಲ್ಲಿನ ಅರೌಕೇರಿಯಾಗಳನ್ನು ತಲೆಯೆತ್ತಿ ನೋಡಿ. ತವರಾದ ನ್ಯೂ ಕ್ಯಾಲೆಡೋನಿಯಾದಲ್ಲಿ ಇದರ ಒಂದು ಜಾತಿ 60 ಮೀಟರ್ ಮುಟ್ಟುತ್ತದೆ. ಮೂವತ್ತು-ನಲವತ್ತರ ಸೈಟಿನಲ್ಲಿ ಮನೆಯ ಗೋಡೆಗಂಟಿಸಿ ನೆಡುವ ಮರವಲ್ಲ.

ಬೆಳಕು ಬೀಳುವ ಬಾಲ್ಕನಿ ಇದ್ದವರು ಕುಂಡದ ಗಿಡವನ್ನೇ ತನ್ನಿ. ಒಳಗೆ ಹತ್ತು ದಿನ ಸಾಕು, ಅದೂ ಕಿಟಕಿಯ ಪಕ್ಕದಲ್ಲಿ. ಮೇಲ್ಮಣ್ಣು ಒಣಗಿದಾಗ ಮಾತ್ರ ನೀರು ಹಾಕಿ. ವರ್ಷವಿಡೀ ನೋಡಿಕೊಳ್ಳಲಾಗದವರು ಸರ್ವೆ ಕೊಂಬೆ ತಂದು, ಹಬ್ಬವಾದ ಮೇಲೆ ಸಣ್ಣಗೆ ಕತ್ತರಿಸಿ ಗಿಡಗಳ ಬುಡಕ್ಕೆ ಹಾಸಿಬಿಡಿ.