ರಾತ್ರಿ ಎರಡರ ಹಗಲು

ಹೋದ ದೀಪಾವಳಿಗೆ ಮುಗಳಖೋಡಕ್ಕೆ ಹೋದಾಗ ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಗೆ ಬಿದ್ದಿತ್ತು. ಅಪ್ಪನ ಜೊತೆ ನಾನೂ ಕಬ್ಬಿಗೆ ನೀರು ಹಾಯಿಸೋಕೆ ಹೋದೆ. ಹಾಯಿಸಿದೆ ಅನ್ನೋದು ದೊಡ್ಡ ಮಾತಾಯ್ತು, ಒಡ್ಡಿನ ಮೇಲೆ ನಿಂತಿದ್ದೆ ಅಷ್ಟೇ. ಎರಡು ಗಂಟೆ ಸುಮಾರಿಗೆ ಅಪ್ಪ ಸಲಿಕೆ ಹಿಡಿದು ನೀರು ಮುಂದಿನ ಸಾಲಿಗೆ ತಿರುಗಿಸುತ್ತಿದ್ದಾಗ ಫೋನ್ ತೆಗೆದು ನೈಟ್ ಮೋಡ್‌ನಲ್ಲಿ ಒಂದು ಫೋಟೊ ಹೊಡೆದೆ. ಚೆಂದ ಬಂತು. ಬೆಳಿಗ್ಗೆ ಅವ್ವನಿಗೆ ತೋರಿಸಿದೆ.

"ಯಾವಾಗ ತಗದೀಪಾ ಇದನ್ನ?"

"ರಾತ್ರಿ ಎರಡಕ್ಕ."

"ಹಗಲ ಇದ್ದಂಗ ಐತಲ್ಲೋ. ಹಿಂಗ ಬೆಳಕ ಇದ್ದಿದ್ರ ನಾ ಯಾಕ ನಿದ್ದಿಗೆಟ್ಟ ಕುಂದರ್ತಿದ್ನಿ?"

ಫೋಟೊವನ್ನು ಮತ್ತೆ ನೋಡಿದೆ. ಕಬ್ಬಿನ ಎಲೆ ಹಸಿರು, ಆಕಾಶ ತಿಳಿನೀಲಿ, ಅಪ್ಪನ ಅಂಗಿಯ ಚೌಕಡಿ ಸಹ ಎಣಿಸಬಹುದು. ಆ ರಾತ್ರಿ ಇದ್ಯಾವುದೂ ಕಂಡಿರಲಿಲ್ಲ. ಇದ್ದದ್ದು ಬ್ಯಾಟರಿಯ ಒಂದು ತಟ್ಟೆಯಷ್ಟಗಲ ಬೆಳಕು. ಅದರೊಳಗೆ ನೀರು, ಕೆಸರು, ಅಪ್ಪನ ಪಾದ. ಅದರಾಚೆ ಏನಿದೆ ಅನ್ನೋದು ಕಿವಿಗೆ ಬಿಟ್ಟದ್ದು: ಒಡ್ಡು ಒಡೆದು ನೀರು ಹರಿಯುವ ಸದ್ದೋ, ರವದಿಯೊಳಗೆ ಏನೋ ಸರಿದ ಸದ್ದೋ. ಅವ್ವ ಎದ್ದು ಕೂತಿದ್ದದ್ದು ಆ ಎರಡನೇ ಸದ್ದಿನ ಭಯಕ್ಕೆ. ನನ್ನ ಫೋನು ಅಳಿಸಿ ಹಾಕಿದ್ದೂ ಅದನ್ನೇ.

ಹೇಗೆ ಅಳಿಸುತ್ತೆ ಅನ್ನೋದು ಗುಟ್ಟೇನಲ್ಲ. ಫೋನು ಒಂದು ಫೋಟೊ ತೆಗೆಯಲ್ಲ, ಹಲವು ಫ್ರೇಮ್ ತೆಗೆದು, ಕೈ ಅಲುಗಿದ್ದನ್ನು ಸರಿದೂಗಿಸಿ, ಒಂದರ ಮೇಲೊಂದು ಕೂರಿಸುತ್ತೆ. ಒಂಬತ್ತು ಫ್ರೇಮ್ ಸರಾಸರಿ ಮಾಡಿದರೆ ಕಾಳುಕಾಳಾದ ನಾಯ್ಸ್ ಮೂರನೇ ಒಂದಕ್ಕೆ ಇಳಿಯುತ್ತೆ. ಆಮೇಲೆ ನಿಮಗೆ ಬೇಕಾದಷ್ಟು ಬೆಳಕು ಏರಿಸಬಹುದು. ಬೇಕಾದಷ್ಟು ಅಂದರೆ ಎಷ್ಟು? ಈ ಪ್ರಶ್ನೆ ಮಾತ್ರ ಗಣಿತದ್ದಲ್ಲ.

ಮಜಾ ಅಂದರೆ, ಇದನ್ನು ಕಟ್ಟಿದವರಿಗೂ ಅದು ಗೊತ್ತಿತ್ತು. 2018ರ ನವೆಂಬರ್‌ನಲ್ಲಿ ಗೂಗಲ್ ಪಿಕ್ಸೆಲ್ ಫೋನಿಗೆ ನೈಟ್ ಸೈಟ್ ಬಂದಾಗ ಮಾರ್ಕ್ ಲೆವಾಯ್ ಮತ್ತು ಯೇಲ್ ಪ್ರಿಚ್ ಅದರ ಕೆಲಸವನ್ನು ವಿವರಿಸಿ ಬರೆದರು. ರಾತ್ರಿಯ ಫೋಟೊ ಹಗಲಿನಂತೆ ಕಂಡರೆ ನೋಡುವವರಿಗೆ ಗೊಂದಲ ಅಂತ ಒಪ್ಪಿಕೊಂಡು, ಅದಕ್ಕೆ ಉತ್ತರ ಹುಡುಕಿಕೊಂಡು ಹೋದದ್ದು ಒಬ್ಬ ಚಿತ್ರಕಾರನ ಹತ್ತಿರ! ಇಂಗ್ಲೆಂಡಿನ ಡರ್ಬಿ ಊರಿನ ಜೋಸೆಫ್ ರೈಟ್, 1766ರಲ್ಲಿ ಬರೆದ ಚಿತ್ರ: ಗ್ರಹಗಳ ಯಂತ್ರದ ಸುತ್ತ ಜನ, ಸೂರ್ಯನ ಜಾಗದಲ್ಲಿ ಒಂದು ದೀಪ. ಆ ದೀಪ ನಮಗೆ ಕಾಣಲ್ಲ, ಮುಂದೆ ನಿಂತವರ ಕಪ್ಪು ಆಕೃತಿ ಅಡ್ಡ ಇದೆ. ಮುಖಗಳಷ್ಟೇ ಬೆಳಗಿವೆ, ಸುತ್ತ ಕತ್ತಲು ಕತ್ತಲಾಗಿಯೇ ಇದೆ. ನೆರಳನ್ನು ಕಪ್ಪಿಗೇ ಬಿಡಿ, ಕಾಂಟ್ರಾಸ್ಟ್ ಏರಿಸಿ ಅನ್ನೋದು ಅಲ್ಲಿಂದ ಬಂದ ಪಾಠ. ನನ್ನ ಫೋನಿನ ಕಂಪನಿಗೆ ಆ ಪಾಠ ತಲುಪಿದಂತಿಲ್ಲ, ಅಥವಾ ತಲುಪಿಯೂ ಬೆಳ್ಳಗಿದ್ದರೆ ಮಾರಾಟ ಆಗುತ್ತೆ ಅಂತ ಬಿಟ್ಟಿರಬೇಕು.

ರೈಟ್‌ನ ಈ ಉಪಾಯ ಓದಿದಾಗ ನೆನಪಾದದ್ದು ಮೈಸೂರು. ಜಗನ್ಮೋಹನ ಅರಮನೆಯ ದೀಪದ ಹೆಂಗಸು, 'ಗ್ಲೋ ಆಫ್ ಹೋಪ್'. ಬಿಇ ಓದುವಾಗ ಟ್ರಿಪ್ ಹೋಗಿ, ಕತ್ತಲು ಮಾಡಿದ ಕೋಣೆಯಲ್ಲಿ ನಿಂತು ನೋಡಿದ್ದೆ. ನಮ್ಮ ಗುಂಪಿನಲ್ಲೊಬ್ಬ ಇದು ರವಿವರ್ಮನದ್ದು ಅಂದ, ಎಲ್ಲರೂ ಹೌದು ಅಂದೆವು. ರವಿವರ್ಮ 1906ರಲ್ಲೇ ತೀರಿಕೊಂಡಿದ್ದ. ಇದನ್ನು ಬರೆದವರು ಎಸ್.ಎಲ್. ಹಳದಣಕರ್, ಸಾವಂತವಾಡಿಯವರು, ಅಂದರೆ ಬೆಳಗಾವಿಯಿಂದ ಅಂಬೋಲಿ ಘಾಟ್ ಇಳಿದರೆ ಸಿಗುವ ಊರು. ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ಮುಂದೆ ಕೊಲ್ಹಾಪುರದಲ್ಲಿದ್ದ ಗೀತಾ ಉಪಳೇಕರ್ 102ನೇ ವಯಸ್ಸಿನಲ್ಲಿ ತೀರಿಕೊಂಡದ್ದು 2018ರ ಅಕ್ಟೋಬರ್‌ನಲ್ಲಿ, ನೈಟ್ ಸೈಟ್ ಬರುವ ಒಂದು ತಿಂಗಳ ಮುಂಚೆ. ಕಾಕತಾಳೀಯ, ಬಿಡಿ.

ಆದರೆ ಆ ಚಿತ್ರ ಜಲವರ್ಣ ಅನ್ನೋದು ಕಾಕತಾಳೀಯವಲ್ಲ. ಎಣ್ಣೆಬಣ್ಣದಲ್ಲಿ ಕತ್ತಲು ಬಳಿದು ಅದರ ಮೇಲೆ ಬೆಳಕು ಇಡಬಹುದು. ಜಲವರ್ಣದಲ್ಲಿ ಬೆಳಕು ಅಂದರೆ ಬಣ್ಣ ತಾಗದೆ ಉಳಿದ ಕಾಗದ. ಮೊದಲು ಬೆಳಕಿನ ಜಾಗ ಕಾಯ್ದಿಟ್ಟುಕೊಂಡು, ಸುತ್ತ ಕತ್ತಲನ್ನು ಪದರ ಪದರವಾಗಿ ಏರಿಸಬೇಕು. ಒಂದು ಹನಿ ಆಚೀಚೆ ಆದರೆ ಮುಗೀತು, ಅಂಡೂ ಬಟನ್ ಇಲ್ಲ. ನಮ್ಮ ನೈಟ್ ಮೋಡ್‌ಗೆ ಪೂರ್ತಿ ಉಲ್ಟಾ.

ಮತ್ತೆ ಆ ಕೈ. ಆಕೆ ದೀಪಕ್ಕೆ ಇನ್ನೊಂದು ಕೈ ಅಡ್ಡ ಹಿಡಿದಿದ್ದಾಳೆ, ಬೆಳಕು ಬೆರಳೊಳಗಿಂದ ಕೆಂಪಗೆ ಹಾಯ್ದು ಬರುತ್ತೆ. ರೈಟ್ ಮನುಷ್ಯನನ್ನು ಅಡ್ಡ ನಿಲ್ಲಿಸಿದ, ಹಳದಣಕರ್ ಬೆರಳುಗಳನ್ನು. ಕರೆಂಟ್ ಹೋದಾಗ ಚಿಮಣಿ ಹಿಡಿದು ಪಡಸಾಲೆಯಿಂದ ಹಿತ್ತಲಿಗೆ ಹೋದವರಿಗೆ ಆ ಅಂಗೈ ಬಿಸಿ ಗೊತ್ತಿರುತ್ತೆ.

ನನ್ನ ತಕರಾರೂ ಒಂದಿದೆ. ಆ ಚಿತ್ರದ ಕತ್ತಲು ತೀರಾ ಮೆದು. ಅಲ್ಲಿ ಗಾಳಿ ಇದೆ, ಇಲ್ಲದಿದ್ದರೆ ಕೈ ಅಡ್ಡ ಯಾಕೆ, ಆದರೆ ಹೆದರಿಕೆ ಇಲ್ಲ. ಸೀರೆಯ ನೆರಿಗೆ, ಮುಖದ ಶಾಂತಿ ಎಲ್ಲ ಸೇರಿ ಕ್ಯಾಲೆಂಡರಿಗೆ ಹೋಗೋಕೆ ಮುಂಚೆಯೇ ತಯಾರಾಗಿ ನಿಂತಂಗಿದೆ. ಇದಕ್ಕೆ ಹೋಲಿಸಿದರೆ ದಯನಿತಾ ಸಿಂಗ್ 2010ರಲ್ಲಿ ತಂದ 'ಡ್ರೀಮ್ ವಿಲ್ಲಾ' ಪುಸ್ತಕದ ರಾತ್ರಿ ಫೋಟೊಗಳು ನನಗೆ ಹತ್ತಿರ. ಕೃತಕ ದೀಪಗಳ ಕೆಂಪು, ಹಸಿರು ಹೇಗಿದೆಯೋ ಹಾಗೇ ಬಿಟ್ಟಿದ್ದಾರೆ. ಫೋನಾಗಿದ್ದರೆ ಅದನ್ನು ತಪ್ಪು ಅಂತ ತಿದ್ದುತ್ತಿತ್ತು. ಎಲ್ಲಿದ್ದೀವಿ ಅಂತ ಹೇಳದ ರಾತ್ರಿ ಅದು, ನೋಡುತ್ತಾ ಸ್ವಲ್ಪ ಅಂಜಿಕೆ ಆಗುತ್ತೆ. ಆಗಬೇಕು.

ಬೆಂಗಳೂರಿಗೆ ಬಂದಮೇಲೆ ಅಪ್ಪನ ಫೋಟೊ ಲ್ಯಾಪ್‌ಟಾಪ್‌ಗೆ ಹಾಕಿ ಕರ್ವ್ ಕೆಳಗೆಳೆದೆ. ಮೊದಲು ಆಕಾಶ ಹೋಯಿತು, ಆಮೇಲೆ ಕಬ್ಬು, ಆಮೇಲೆ ಅಂಗಿಯ ಚೌಕಡಿ. ಕೊನೆಗೆ ಉಳಿದದ್ದು ಬ್ಯಾಟರಿಯ ಬೆಳಕು, ಸಲಿಕೆಯ ಅಂಚು, ಎರಡು ಪಾದ. ಮೂರು ತಾಸು ತಿಂದಿತು. ವಾಟ್ಸಾಪ್‌ನಲ್ಲಿ ಮನೆಗೆ ಕಳಿಸಿದೆ.

ಅವ್ವ ಏನೂ ಅನ್ನಲಿಲ್ಲ. ಅಪ್ಪ ಫೋನ್ ಮಾಡಿದ: "ಇದರಾಗ ನಾ ಎಲ್ಲದೇನೋ?"